ಹಸ್ತಾಂತರ ಟಿಪ್ಪಣಿ

ಕಡತಗಳ ಪಟ್ಟಿ ಅಧಿಕೃತ ಪತ್ರದಲ್ಲಿದೆ, ಅನುಬಂಧ ಮೂರು.
ಇದು ಅದರಲ್ಲಿ ಸೇರದ್ದು.
ಓದಿ ಹರಿದುಹಾಕಿ, ಇಲ್ಲವೇ ನನ್ನ ಹಾಗೆ
ಅಡುಗೆಮನೆಯ ಕಪಾಟಿನ ಒಳಬದಿಗೆ ಅಂಟಿಸಿ.

ತ್ಬಿಲಿಸಿಯ ಈ ಹಳೇ ಕಟ್ಟಡದಲ್ಲಿ ಲಿಫ್ಟು ನಾಣ್ಯ ಕೇಳುತ್ತದೆ.
ಇಪ್ಪತ್ತು ತೇತ್ರಿ ಬೀಳದೆ ಯಾರನ್ನೂ ಎತ್ತುವುದಿಲ್ಲ,
ರಾಯಭಾರಿಯನ್ನೂ.
ಗಣರಾಜ್ಯೋತ್ಸವದ ರಾತ್ರಿ ರೇಷ್ಮೆ ಸೀರೆಯಲ್ಲಿ
ಏಳು ಮಹಡಿ ಹತ್ತಿದ್ದೇನೆ, ಚಪ್ಪಲಿ ಕೈಯಲ್ಲಿ ಹಿಡಿದು.

ಎದುರುಮನೆಯ ನಾತೆಲಾ ಅಜ್ಜಿ
ನಿಮ್ಮನ್ನು ನನ್ನ ಹೆಸರಿಂದ ಕರೆಯುತ್ತಾಳೆ.
ತಿದ್ದಬೇಡಿ.
ಎಂಟು ತಿಂಗಳು ನಾನು ಮಲ್ಸಾಮಿಯಾಗಿದ್ದೆ,
ನನಗಿಂತ ಮೊದಲಿದ್ದವಳು, ಐಜಾಲಿನವಳು.
ಅಜ್ಜಿಗೆ ಗುರುತು ಮುಖದ್ದಲ್ಲ, ಬಾಗಿಲಿನದು;
ಆ ಬಾಗಿಲಿಂದ ಯಾರು ಹೊರಬಂದರೂ ಅವರಿಗೆ
ಎಳೆ ಅಕ್ರೋಟಿನ ಮುರಬ್ಬ ಒಂದು ಸೀಸೆ ಸಲ್ಲಬೇಕು.
ಸೀಸೆ ಬರಿದಾಗಿ ಹಿಂತಿರುಗಿಸಲು ನನಗೆ ಮನಸ್ಸಾಗಲಿಲ್ಲ,
ಮಿಡಿ ಉಪ್ಪಿನಕಾಯಿ ತುಂಬಿ ಕೊಟ್ಟೆ.
ಖಾರಕ್ಕೆ ಅತ್ತಳು. ಮತ್ತೆ ಕೇಳಿದಳು.

ಪುಸ್ತಕದಲ್ಲಿ ಕಲಿತ ಭಾಷೆ ಸಾಲದು.
ಇಲ್ಲಿ ‘ದೇದಾ’ ಅಂದರೆ ಅಮ್ಮ, ‘ಮಾಮ’ ಅಂದರೆ ಅಪ್ಪ.
ಹೊಸದರಲ್ಲಿ, ಹಳೆಸಾಮಾನಿನ ಸಂತೆಯಲ್ಲಿ,
ಮಾಮಾ ಮಾಮಾ ಎಂದು ಅಳುತ್ತಿದ್ದ ಮಗುವನ್ನು ಎತ್ತಿಕೊಂಡು
ಅರ್ಧ ಗಂಟೆ ಸೋದರಮಾವನನ್ನು ಹುಡುಕಿದ್ದೇನೆ.

ಔತಣಕ್ಕೆ ಕರೆದರೆ ಹೋಗಿ. ನಡುರಾತ್ರಿ ದಾಟುತ್ತದೆ.
ತಮಾದಾ ಎದ್ದು ನಿಂತು ಮಾತಿಗೊಂದು ಬಟ್ಟಲು ಎತ್ತಿಸುತ್ತಾನೆ,
ಶಾಂತಿಗೆ, ಸತ್ತವರಿಗೆ, ಇನ್ನೂ ಹುಟ್ಟದವರಿಗೆ.
ಕುಡಿಯದವರಾದರೆ ದಾಳಿಂಬೆ ರಸ ಹಿಡಿದು ನಿಲ್ಲಿ, ನಡೆಯುತ್ತದೆ.
ಕೊಂಬಿನ ಬಟ್ಟಲು ಮಾತ್ರ
ಬರಿದಾಗುವ ತನಕ ಕೆಳಗಿಡಲು ಬರುವುದಿಲ್ಲ.
ಅದಕ್ಕೆ ತಳವಿಲ್ಲ.
ಈ ಕೆಲಸಕ್ಕೂ.

ಫೋನು ಬರುವುದು ಬೆಳಗಿನ ಮೂರರ ಮೇಲೆ.
ಯಾರದೋ ಪಾಸ್‌ಪೋರ್ಟ್ ಕಳೆದಿರುತ್ತದೆ, ಯಾರಿಗೋ ಮನೆಯವ
ಮುಂಗಡ ಕೊಡಲೊಲ್ಲ. ಒಮ್ಮೊಮ್ಮೆ
ಅರಾಗ್ವಿ ಹೊಳೆಗೆ ಈಜಲು ಹೋದ ಮೆಡಿಕಲ್ ಹುಡುಗ.
ಸತುವಿನ ಪೆಟ್ಟಿಗೆ, ಅರಗು, ಮೂರು ಪ್ರತಿ ಪ್ರಮಾಣಪತ್ರ,
ಇವೆಲ್ಲ ಲೆವಾನ್‌ಗೆ ಗೊತ್ತು. ನಮ್ಮ ಕಾರಿನ ಚಾಲಕ,
ಒಂಬತ್ತು ರಾಯಭಾರಿಗಳನ್ನು ವಿಮಾನ ಹತ್ತಿಸಿದವನು.
ಗೊತ್ತಿಲ್ಲದ್ದು ಒಂದೇ: ಮನೆಗೆ ಹೇಗೆ ಹೇಳುವುದು.
ಅದು ನಿಮ್ಮ ಪಾಲಿನದು.
ನಮ್ಮ ದೇಶದ ಗಡಿಯಾರ ಒಂದೂವರೆ ಗಂಟೆ ಮುಂದು,
ಆ ತಾಯಿ ಎದ್ದು ಹಾಲು ಕಾಯಲಿಟ್ಟಿರುತ್ತಾಳೆ.
ಮೊದಲು ಒಲೆ ಆರಿಸಲು ಹೇಳಿ.
‘ವಿಷಾದಿಸುತ್ತೇವೆ’ ಎಂಬ ಪದ ಕಡತಕ್ಕಿರಲಿ.

ತಿಂಗಳ ಮೊದಲ ಗುರುವಾರ ರುಸ್ತಾವಿ ಜೈಲು.
ಬಲ್ಕಾರ್ ಸಿಂಗ್, ಲಾರಿ ಡ್ರೈವರ್, ಆರು ವರ್ಷ.
ಸರಕಿನಡಿ ಏನಿತ್ತೋ ಗೊತ್ತಿರಲಿಲ್ಲ ಎನ್ನುತ್ತಾನೆ.
ನಾನು ಕೇಳುವುದು ಬಿಟ್ಟೆ.
ಬ್ರೆಡ್ಡು ನಾದಿ ಚದುರಂಗದ ಕಾಯಿ ಮಾಡುತ್ತಾನೆ.
ನಮ್ಮ ಒಂಟೆಗೆ ಇಲ್ಲಿಯವರು ಆಮೆ ಎನ್ನುತ್ತಾರಂತೆ.
“ನಡೆ ಅದೇ ಮೇಡಂ, ಓರೆ” ಎಂದು ನಕ್ಕ.
ಮಾರ್ಚ್ ಹದಿನಾಲ್ಕಕ್ಕೆ ಬಿಡುಗಡೆ. ನಾನಿರುವುದಿಲ್ಲ.
ಒಳಗೆ ಹೋದ ದಿನದ ಬೂಟನ್ನು ಇಲಿ ಕಡಿದಿದೆಯೆಂದು
ಪಾದದ ಅಳತೆ ಬರೆದುಕೊಟ್ಟಿದ್ದ.
ಬಲಗಡೆ ಕೆಳಗಿನ ಡ್ರಾಯರಿನಲ್ಲಿದೆ, ಒಂಬತ್ತನೇ ನಂಬರು,
ಯಾವ ಖಾತೆಗೂ ಸೇರದ ಖರ್ಚು.
ಲೇಸು ಪೋಣಿಸಿಟ್ಟಿದ್ದೇನೆ.
ನೀವೇ ಕೊಂಡಂತೆ ಕೊಡಿ.

ಕಚೇರಿಯ ಗೇಟಿಗೆ ಅಡ್ಡ ಮಲಗುವ ನಾಯಿಯನ್ನು ಓಡಿಸಬೇಡಿ.
ಅದರ ಕಿವಿಯಲ್ಲಿ ನಗರಸಭೆಯ ಹಳದಿ ಬಿಲ್ಲೆಯಿದೆ.
ಮಾನ್ಯತಾಪತ್ರ ನಮಗೂ ಉಂಟು,
ಆದರೆ ಅದರದಕ್ಕೆ ಅವಧಿಯಿಲ್ಲ.

ಬೀಗದಕೈ ಲೆವಾನ್ ಹತ್ತಿರ.
ಅದರ ಜೊತೆ ಕಾಗದದಲ್ಲಿ ಸುತ್ತಿದ ಇಪ್ಪತ್ತು ತೇತ್ರಿ,
ನಿಮ್ಮ ಮೊದಲ ಏರಿಕೆಗೆ.
ಮಲ್ಸಾಮಿ ನನಗೂ ಒಂದು ಬಿಟ್ಟುಹೋಗಿದ್ದಳು.
ಅದನ್ನು ನಾನು ಬಸ್ಸಿಗೆ ಹಾಕಿಬಿಟ್ಟೆ.
ಇದು ಬೇರೆ.